ಅಪ್ಪರ್, ಡಿಪ್ಪರ್ ಮತ್ತು ಹಳೆ ಬೊಲೆರೊ

ನವೆಂಬರ್ ಬಂತೆಂದರೆ ನಮ್ಮ ಕಡೆ ರಾತ್ರಿ ರಸ್ತೆಯ ಲೆಕ್ಕವೇ ಬದಲಾಗುತ್ತದೆ. ಸಕ್ಕರೆ ಕಾರ್ಖಾನೆಗಳು ಶುರುವಾಗುತ್ತವೆ. ಗೋಕಾಕ, ಮುಧೋಳ, ಜಮಖಂಡಿ, ಅಥಣಿ, ಯಾವ ದಾರಿ ಹಿಡಿದರೂ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು. ಮುಂದೆ ಹಾಡು ಜೋರಾಗಿ ಕೇಳುತ್ತಿರುತ್ತದೆ. ಹಿಂದೆ ಒಂದು ಕೆಂಪು ದೀಪ ಇರುವುದಿಲ್ಲ. ರಿಫ್ಲೆಕ್ಟರ್ ಅಂಟಿಸಿದ್ದರೂ ಹೊರಗೆ ಚಾಚಿಕೊಂಡ ಕಬ್ಬು ಅದನ್ನು ಮುಚ್ಚಿಬಿಟ್ಟಿರುತ್ತದೆ.

ಬೆಳಗಾವಿಯಿಂದ ಬಾಗಲಕೋಟೆಗೆ ಯರಗಟ್ಟಿ, ಲೋಕಾಪುರದ ಮೇಲೆ ಹೋಗುವ ರಾಯಚೂರು–ಬಾಚಿ ಹೆದ್ದಾರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೀರಿ ಅಂದುಕೊಳ್ಳಿ. ಸೆಕೆಂಡಿಗೆ 22 ಮೀಟರ್ ಓಡುತ್ತೀರಿ. ಟ್ರಾಲಿ ಕಂಡು, ಕಾಲು ಬ್ರೇಕಿಗೆ ಬರುವಷ್ಟರಲ್ಲಿ 30 ಮೀಟರ್ ಮುಗಿದಿರುತ್ತದೆ. ಬ್ರೇಕ್ ಹಿಡಿದು ನಿಲ್ಲಲು ಇನ್ನೂ ಅಷ್ಟೇ ಬೇಕು, ಸ್ವಲ್ಪ ಜಾಸ್ತಿಯೇ ಬೇಕು. ಒಟ್ಟು 70 ಮೀಟರ್ ಹತ್ತಿರ. ಹಳೆ ಗಾಡಿಯ ಡಿಪ್ಪರ್‌ನಲ್ಲಿ, ಅಂದರೆ ಹೆಡ್‌ಲೈಟಿನ ತಗ್ಗಿದ ಬೆಳಕಿನಲ್ಲಿ, ಕಪ್ಪಗಿನ ವಸ್ತುವೊಂದು 50–60 ಮೀಟರಿಗೆ ಕಂಡರೆ ಪುಣ್ಯ. ಗಾಡಿಗೆ ಲೈಟ್ ಹಾಕಿಸಬೇಕು ಎಂಬ ಹುಳ ತಲೆಗೆ ಹೊಕ್ಕಿದ್ದು ಈ ಲೆಕ್ಕದಿಂದ.

ನನ್ನದು ಹಳೆ ಬೊಲೆರೊ. ಹಿಂದಿನ ಸೀಟು ಬಿಚ್ಚಿ ಪ್ಲೈವುಡ್ ಮಂಚ ಮಾಡಿಸಿದ್ದೇನೆ. ಅದರ ಕೆಳಗೆ ಡ್ರಾಯರ್‌ಗಳು, ಗ್ಯಾಸ್ ಒಲೆ, 40 ಲೀಟರ್ ನೀರಿನ ಕ್ಯಾನು. ಮೇಲೆ ಕ್ಯಾರಿಯರ್, ಪಕ್ಕದಲ್ಲಿ ಬಿಚ್ಚಿ ಹರಡುವ ನೆರಳಿನ ಬಟ್ಟೆ. ಇಂಥದ್ದಕ್ಕೆ ಈಗ ಓವರ್‌ಲ್ಯಾಂಡಿಂಗ್ ಗಾಡಿ ಅಂತಾರೆ. ನಮ್ಮ ಮನೆಯಲ್ಲಿ ಮಾತ್ರ ಅದಕ್ಕೆ ಸಂಸಾರದ ಗಾಡಿ ಅಂತಲೇ ಹೆಸರು. ಊರು ಬಿಟ್ಟು ದೂರ ಹೋಗಿ, ರಸ್ತೆ ಬಿಟ್ಟು ಒಳಗಿಳಿದು, ಕತ್ತಲಾದ ಮೇಲೆ ಒಂದು ಜಾಗ ಹುಡುಕಿ ಮಲಗುವ ಗಾಡಿ. ಹಾಗಾಗಿ ಲೈಟು ಬರೀ ರಸ್ತೆಗೆ ಬೇಕಾದದ್ದಲ್ಲ. ಘಟ್ಟದ ಮಂಜಿಗೆ ಒಂದು ಬಗೆ, ಹೊಲದ ದಾರಿಗೆ ಒಂದು ಬಗೆ, ಅಡುಗೆ ಮಾಡುವಾಗ ಇನ್ನೊಂದು ಬಗೆ ಬೇಕು.

ಬೆಳಗಾವಿಯಲ್ಲಿ ನನಗೆ ಗೊತ್ತಿರುವ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ಲಾರಿ, ಟ್ರ್ಯಾಕ್ಟರ್ ವಾಯರಿಂಗ್ ಮಾಡಿ ಮಾಡಿ ಕೈ ಪಳಗಿದವರು. ಅವರ ಹತ್ತಿರ ಹೋಗಿ ನಾಲ್ಕು ಲೈಟ್ ಹಾಕಬೇಕು ಅಂದೆ. ಅವರು ಬಾನೆಟ್ ಎತ್ತಿದರು. "ಇರೂ ಲೈಟ್ ಹೆಂಗ ಉರೀತಾವು ಮೊದಲ ನೋಡೂಣ್ರಿ. ಹೊಸಾವು ಆಮ್ಯಾಲೆ" ಅಂದರು.

ಮೀಟರ್ ಹಿಡಿದರು. ಎಂಜಿನ್ ಚಾಲೂ ಇದ್ದಾಗ ಬ್ಯಾಟರಿಯಲ್ಲಿ 13.8 ವೋಲ್ಟ್. ಹೆಡ್‌ಲೈಟ್ ಬಲ್ಬಿನ ಹಿಂದೆ 12.2. ಒಂದೂವರೆ ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಖರ್ಚಾಗುತ್ತಿತ್ತು. ಹಳೆ ಗಾಡಿಗಳಲ್ಲಿ ಹೆಡ್‌ಲೈಟಿನ ಕರೆಂಟು ಸ್ಟಿಯರಿಂಗ್ ಪಕ್ಕದ ಸ್ವಿಚ್‌ವರೆಗೆ ಬಂದು, ತೆಳ್ಳಗಿನ ವಾಯರಿನಲ್ಲಿ ತಿರುಗಿ ಮುಂದೆ ಹೋಗುತ್ತದೆ. ಸವೆದ ಸ್ವಿಚ್, ಹಸಿರುಗಟ್ಟಿದ ಕನೆಕ್ಟರ್, ತುಕ್ಕು ಹಿಡಿದ ಅರ್ಥ್ (ಕರೆಂಟು ಚಾಸಿಯ ಮೂಲಕ ಬ್ಯಾಟರಿಗೆ ಮರಳುವ ಜೋಡಣೆ), ಎಲ್ಲವೂ ಸ್ವಲ್ಪ ಸ್ವಲ್ಪ ತಿನ್ನುತ್ತವೆ. ಹ್ಯಾಲೊಜೆನ್ ಬಲ್ಬಿನ ಸ್ವಭಾವ ಏನೆಂದರೆ, ವೋಲ್ಟೇಜ್ ಶೇ 10 ಇಳಿದರೆ ಬೆಳಕು ಶೇ 30ರಷ್ಟು ಇಳಿಯುತ್ತದೆ. ನನ್ನ ಗಾಡಿ ಮೂರರಲ್ಲಿ ಒಂದು ಪಾಲು ಬೆಳಕನ್ನು ವಾಯರಿಗೇ ಕೊಟ್ಟು ಕೂತಿತ್ತು.

ಇದಕ್ಕೆ ಮದ್ದು ಅಗ್ಗದ್ದು. ಎರಡು ರಿಲೇ (ಸಣ್ಣ ಕರೆಂಟಿನ ಸನ್ನೆಗೆ ದೊಡ್ಡ ಕರೆಂಟು ಬಿಡುವ ಸ್ವಿಚ್ಚು), ಒಂದಿಷ್ಟು ದಪ್ಪ ವಾಯರು, ಎರಡು ಫ್ಯೂಸು. ಹಳೆ ವಾಯರು ರಿಲೇಗೆ ಬರೀ ಸನ್ನೆ ಕೊಡುತ್ತದೆ. ನಿಜವಾದ ಕರೆಂಟು ಬ್ಯಾಟರಿಯಿಂದ ಫ್ಯೂಸ್ ದಾಟಿ, ರಿಲೇ ದಾಟಿ ನೇರ ಬಲ್ಬಿಗೆ ಹೋಗುತ್ತದೆ. ಇದು ಸಿದ್ಧವಾದ ಹಾರ್ನೆಸ್, ಅಂದರೆ ಮೊದಲೇ ಜೋಡಿಸಿದ ವಾಯರಿನ ಕಟ್ಟಿನ ರೂಪದಲ್ಲೂ ಸಿಗುತ್ತದೆ. ಹಾಕಿದ ಮೇಲೆ ಅದೇ ಬಲ್ಬಿನ ಹಿಂದೆ 13.4 ವೋಲ್ಟ್ ಬಂತು. ಬಲ್ಬು ಮೊದಲಿನದೇ, 60/55 ವ್ಯಾಟಿನ ಎಚ್4. ಜೊತೆಗೆ ಮಂಕಾಗಿದ್ದ ಹೆಡ್‌ಲೈಟ್ ಗಾಜನ್ನು ಬದಲಿಸಿದೆ. ಅವತ್ತು ರಾತ್ರಿ ಹೆದ್ದಾರಿಗೆ ಹೋಗಿ ನೋಡಿದರೆ, ಅರೆ, ಇಷ್ಟಕ್ಕೇ ಸಾಕಿತ್ತಲ್ಲ ಅನ್ನಿಸುವಷ್ಟು ಬದಲಾವಣೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇದೇ ಜಾಗದಲ್ಲಿ ಬಹಳ ಜನ 100/90 ವ್ಯಾಟ್ ಬಲ್ಬು ಹಾಕುತ್ತಾರೆ, ಇಲ್ಲವೇ ಎಚ್4 ಹೋಲ್ಡರಿಗೆ ಎಲ್‌ಇಡಿ ಬಲ್ಬು ತುರುಕುತ್ತಾರೆ. ಮೊದಲನೆಯದರಿಂದ ಹೋಲ್ಡರ್ ಕರಗುತ್ತದೆ. ಎರಡನೆಯದರಲ್ಲಿ ಬೆಳಕು ಚೆಲ್ಲಾಪಿಲ್ಲಿಯಾಗುತ್ತದೆ. ಹೆಡ್‌ಲೈಟಿನ ಒಳಗಿನ ಕನ್ನಡಿಯ ಆಕಾರ ಒಂದು ಸಣ್ಣ ತಂತಿ ಇಂಥದ್ದೇ ಜಾಗದಲ್ಲಿ ಉರಿಯುತ್ತದೆ ಎಂದು ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿ ಚಿಪ್ಪು ಆ ಜಾಗದಲ್ಲಿ, ಆ ಆಕಾರದಲ್ಲಿ ಸರಿಯಾಗಿ ಕೂರುವುದು ಕಷ್ಟ. ಹಾಕಿಸಿಕೊಂಡವನಿಗೆ ತನ್ನ ಗಾಡಿಯ ಮುಂದೆ ಬೆಳ್ಳಗೆ ಕಂಡು ಖುಷಿ. ಎದುರಿಗೆ ಬರುವವನ ಕಣ್ಣು ಮಾತ್ರ ಹೋಯಿತು. 2024ರಲ್ಲಿ ಕರ್ನಾಟಕ ಪೊಲೀಸರು ಇಂಥ ಕಣ್ಣು ಕುಕ್ಕುವ ಲೈಟುಗಳ ಮೇಲೆ ರಾಜ್ಯದ ತುಂಬಾ ಕೇಸು ಹಾಕಿದರು. ನನಗಂತೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಆಮೇಲೆ ಹೊಸ ಲೈಟುಗಳ ಹುಡುಕಾಟ. ಅಂಗಡಿಯವರ ಭಾಷೆ ವ್ಯಾಟು ಮತ್ತು ಲ್ಯೂಮೆನ್. 300 ವ್ಯಾಟ್ ಎಂದು ಬರೆದ ಒಂದು ಉದ್ದನೆಯ ಲೈಟ್ ಬಾರ್ ತೋರಿಸಿದರು. ಎಲೆಕ್ಟ್ರಿಷಿಯನ್ ಹತ್ತಿರ ಡಿಸಿ ಕ್ಲ್ಯಾಂಪ್ ಮೀಟರ್ ಇತ್ತು. ಅಂಗಡಿಯ ಬ್ಯಾಟರಿಗೇ ಹಚ್ಚಿ ನೋಡಿದೆವು. ಎಳೆದಿದ್ದು 4 ಆಂಪ್ಸ್. 50 ವ್ಯಾಟ್ ಅಂದುಕೊಳ್ಳಿ. ಅಂಗಡಿಯವ ನಕ್ಕುಬಿಟ್ಟ. "ಡಬ್ಬಿ ಮ್ಯಾಲ ಬರದದ್ದು ಕಂಪನಿಯವ್ರು ಸರ್, ನಾವಲ್ಲ" ಅಂದ. ನಿಜವೇ ಬಿಡಿ.

ಲ್ಯೂಮೆನ್ ಅಂದರೆ ಲೈಟಿನಿಂದ ಹೊರಗೆ ಬರುವ ಒಟ್ಟು ಬೆಳಕು. ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ನಮಗೆ ಬೇಕಾದ್ದು ದೂರದಲ್ಲಿ ಎಷ್ಟು ಬಿತ್ತು ಎಂಬ ಲೆಕ್ಕ, ಅಂದರೆ ಲಕ್ಸ್. ಒಳ್ಳೆಯ ತಯಾರಕರು ಇಷ್ಟು ಮೀಟರಿನಲ್ಲಿ 1 ಲಕ್ಸ್ ಎಂದು ನಕ್ಷೆ ಸಮೇತ ಕೊಡುತ್ತಾರೆ. ಹುಣ್ಣಿಮೆ ಬೆಳದಿಂಗಳು ಕಾಲು ಲಕ್ಸ್ ಹತ್ತಿರ ಇರುತ್ತದೆ. ಹಾಗಾಗಿ 1 ಲಕ್ಸ್ ಅಂದರೆ ನಾಲ್ಕು ಪಟ್ಟು ಬೆಳದಿಂಗಳು. ವೇಗವಾಗಿ ಓಡುವಾಗ ಎದುರಿಗೆ ಏನಿದೆ ಎಂದು ತೀರ್ಮಾನಿಸಲು ಅದು ಸಾಲದು. ಆದರೆ ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. 400 ಮೀಟರಿನಲ್ಲಿ 1 ಲಕ್ಸ್ ಇದ್ದದ್ದು 200 ಮೀಟರಿನಲ್ಲಿ 4 ಲಕ್ಸ್. ಆದ್ದರಿಂದ ಡಬ್ಬಿಯ ಮೇಲಿನ ದೂರವನ್ನು ಅರ್ಧ ಮಾಡಿಕೊಂಡು ನೋಡುವುದು ನನ್ನ ರೂಢಿಯಾಯಿತು.

ಗಾಡಿಯ ಮಾಳಿಗೆ ಮೇಲೆ ಉದ್ದದ ಲೈಟ್ ಬಾರ್ ಹಾಕಿಸುವ ಆಸೆ ಎಲ್ಲರಿಗೂ ಇರುತ್ತದೆ. ಫೋಟೋದಲ್ಲಿ ಗಾಡಿ ಗತ್ತಾಗಿ ಕಾಣುತ್ತದೆ, ಸುಳ್ಳಲ್ಲ. ನಾನು ಬೇಡ ಅಂದೆ. ಮೇಲಿಂದ ಬೀಳುವ ಬೆಳಕು ಮೊದಲು ಬಾನೆಟ್ ಮೇಲೆ ಬಿದ್ದು ಹೊಳೆಯುತ್ತದೆ. ಹೊಳಪು ಕಂಡರೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ. ಆಮೇಲೆ ದೂರದ ಕತ್ತಲೆ ಇನ್ನೂ ಕತ್ತಲೆ. ಧೂಳು, ಮಳೆ, ಮಂಜು ಇದ್ದರಂತೂ ನಮ್ಮ ಕಣ್ಣಿನ ಮುಂದೆಯೇ ಬಿಳಿ ಪರದೆ ಎಳೆದಂತೆ ಆಗುತ್ತದೆ. ಬೆಳಕಿನ ಮೂಲ ಕಣ್ಣಿಗೆ ಹತ್ತಿರ ಇದ್ದಷ್ಟೂ ಹನಿಗಳಿಗೆ ಬಡಿದ ಬೆಳಕು ಸೀದಾ ಕಣ್ಣಿಗೇ ವಾಪಸ್ ಬರುತ್ತದೆ. ಮರಳುಗಾಡಿನಲ್ಲಿ ಒಬ್ಬನೇ ಓಡಿಸುವವನಿಗೆ ಮಾಳಿಗೆ ಲೈಟು ಉಪಯೋಗವಾಗಬಹುದು. ಗೋವಾ ದಾರಿಯ ಮಂಜಿನ ಚೋರ್ಲಾ ಘಟ್ಟ ಇಳಿಯುವವನಿಗೆ ಆಗುವುದಿಲ್ಲ. ಮೇಲಾಗಿ ಕ್ಯಾರಿಯರ್ ಮೇಲೆ ಗಾಳಿ ಸೀಳಿ ಸಿಳ್ಳೆ ಹೊಡೆಯುತ್ತದೆ. ಅದನ್ನು ಗೆಳೆಯನ ಗಾಡಿಯಲ್ಲಿ ಗೋವಾವರೆಗೂ ಕೇಳಿದ್ದೇನೆ.

ಕಾನೂನಿನ ಕಡೆಯೂ ಕಣ್ಣು ಹಾಯಿಸಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 111ನೇ ನಿಯಮ ಗಾಡಿಯ ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಬೇಡ ಅನ್ನುತ್ತದೆ. ವಿಶೇಷ ಸಂದರ್ಭವಿದ್ದರೆ ನೋಂದಣಿ ಅಧಿಕಾರಿಯ ಒಪ್ಪಿಗೆ ಮೊದಲೇ ಪಡೆಯಬೇಕು. ಮುಂದಿನ ಲೈಟು ಎದುರಿನವರ ಕಣ್ಣು ಕುಕ್ಕದಂತೆ ಕೆಳಗೆ ಬಾಗಿರಬೇಕು ಎಂಬುದಕ್ಕೆ ಬೇರೆ ನಿಯಮವೇ ಇದೆ. ಹಾಗಾಗಿ ನನ್ನ ತೀರ್ಮಾನ ಹೀಗಾಯಿತು. ಮಂಜಿನ ಲೈಟು ಎರಡು, ಹಳದಿ, ಬಂಪರಿನಲ್ಲಿ ತಗ್ಗಿಗೆ. ಹೆಡ್‌ಲೈಟಿಗೆ ಜೊತೆಯಾಗುವ ಹೆಚ್ಚುವರಿ ಡ್ರೈವಿಂಗ್ ಲೈಟು ಎರಡು, ತಲಾ 40 ವ್ಯಾಟ್, ಅಗಲವಾಗಿ ಹರಡುವ ಗಾಜಿನವು. ಇವಕ್ಕೆ ಕಪ್ಪು ಮುಚ್ಚಳ. ಸಾರ್ವಜನಿಕ ರಸ್ತೆಯಲ್ಲಿ ಮುಚ್ಚಳ ಮುಚ್ಚಿರುತ್ತದೆ, ಹೊಲದ ದಾರಿಗೆ ಇಳಿದ ಮೇಲೆ ತೆಗೆಯುವುದು. ಪಕ್ಕಕ್ಕೆ ಮತ್ತು ಹಿಂದಕ್ಕೆ 10 ವ್ಯಾಟಿನ ಸಣ್ಣ ಲೈಟುಗಳು, ಗಾಡಿ ನಿಂತಾಗ ಮಾತ್ರ. ಭೀಮಗಡ ಅಭಯಾರಣ್ಯದ ಸುತ್ತಮುತ್ತ ಓಡಾಡುವವರು ಇದನ್ನೂ ನೆನಪಿಡಬೇಕು. ಕಾಡಂಚಿನಲ್ಲಿ ರಾತ್ರಿ ಜೋರು ಲೈಟು ಬಿಟ್ಟರೆ ಅರಣ್ಯ ಇಲಾಖೆಯವರಿಗೆ ಬೇಟೆಯವರ ನೆನಪಾಗುವುದು ಸಹಜ.

ಹಳದಿ ಯಾಕೆ ಎಂದು ಬಹಳ ಜನ ಕೇಳುತ್ತಾರೆ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬುದು ಗ್ಯಾರೇಜಿನ ನಂಬಿಕೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಹತ್ತಾರು ಪಟ್ಟು ದೊಡ್ಡದು. ಅಷ್ಟು ದೊಡ್ಡ ಹನಿ ಎಲ್ಲಾ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತದೆ. ಲಾಭ ಇರುವುದು ಕಣ್ಣಿಗೆ. ಬಿಳಿ ಎಲ್‌ಇಡಿಯಲ್ಲಿ ನೀಲಿ ಪಾಲು ಜಾಸ್ತಿ, ಅದು ಕಣ್ಣನ್ನು ಜಾಸ್ತಿ ಚುಚ್ಚುತ್ತದೆ. ಹಳದಿಯಲ್ಲಿ ಆ ಪಾಲು ಇರುವುದಿಲ್ಲ. ಫ್ರಾನ್ಸಿನಲ್ಲಿ 1993ರವರೆಗೆ ಕಾರುಗಳ ಹೆಡ್‌ಲೈಟೇ ಹಳದಿ ಇರಬೇಕಿತ್ತು. ಆದರೆ ಮಂಜಿನ ಲೈಟಿನ ನಿಜವಾದ ಗುಣ ಬಣ್ಣಕ್ಕಿಂತ ಆಕಾರದಲ್ಲಿದೆ. ಬೆಳಕಿನ ಮೇಲಂಚು ಚಾಕುವಿನಿಂದ ಕೊಯ್ದಂತೆ ಇರಬೇಕು. ಅದರ ಮೇಲೆ ಏನೂ ಚೆಲ್ಲಬಾರದು. ಅಗಲ ಮಾತ್ರ ಎರಡೂ ಬದಿಗೆ ಇರಬೇಕು. ಸುಮ್ನೆ ಹಳದಿ ಗಾಜು ಹಾಕಿದ ಫ್ಲಡ್ ಲೈಟನ್ನು ಫಾಗ್ ಲೈಟ್ ಎಂದು ಮಾರುತ್ತಾರೆ. ಗೋಡೆಗೆ ಬಿಟ್ಟು ನೋಡಿ, ಮೇಲಂಚು ಇಲ್ಲದಿದ್ದರೆ ವಾಪಸ್ ಕೊಟ್ಟು ಬನ್ನಿ.

ಕೂರಿಸುವ ಬ್ರ್ಯಾಕೆಟ್ ಕೆಲಸಕ್ಕೆ ಬೆಳಗಾವಿಯಂಥ ಊರು ಇನ್ನೊಂದಿಲ್ಲ. ಉದ್ಯಮಬಾಗದಲ್ಲಿ ಫೌಂಡ್ರಿ, ಲೇಥು, ಪೌಡರ್ ಕೋಟಿಂಗ್ ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಬುಲ್ ಬಾರ್ ಹಾಕಿ ಅದರ ಮೇಲೆ ಲೈಟು ಕಟ್ಟುವುದು ಸುಲಭವಿತ್ತು. ಆದರೆ ಬುಲ್ ಬಾರ್ ವಿರುದ್ಧ ಕ್ರಮ ತೆಗೆದುಕೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಅದರ ಸಹವಾಸ ಬೇಡ ಎಂದು ಬಂಪರಿನ ಹಿಂದೆ ಚಾಸಿಯ ಮೂಲ ಬೋಲ್ಟುಗಳಿಗೇ ಹಿಡಿಯುವ 5 ಮಿ.ಮೀ. ದಪ್ಪದ ಬ್ರ್ಯಾಕೆಟ್ ಮಾಡಿಸಿದೆ. ಹೊಸ ತೂತು ಒಂದೂ ಇಲ್ಲ. ತೆಳು ಪಟ್ಟಿಯ ಬ್ರ್ಯಾಕೆಟ್ ಹಾಕಿದರೆ ಮಣ್ಣಿನ ದಾರಿಯಲ್ಲಿ ಬೆಳಕು ಗಡಗಡ ನಡುಗುತ್ತದೆ, ನೋಡುತ್ತಾ ನೋಡುತ್ತಾ ತಲೆ ಸುತ್ತುತ್ತದೆ. ಲೇಥಿನವರು ಒಂದು ಒಳ್ಳೆಯ ಕೆಲಸ ಮಾಡಿದರು. ನೈಲಾಕ್ ನಟ್ಟು ಬಿಗಿ ಮಾಡಿ, ನಟ್ಟು ಮತ್ತು ಪ್ಲೇಟಿನ ಮೇಲೆ ಸೇರಿ ಬಣ್ಣದ ಒಂದು ಗೆರೆ ಎಳೆದರು. ನಟ್ಟು ಸಡಿಲಾದರೆ ಗೆರೆ ತುಂಡಾಗಿ ಕಾಣುತ್ತದೆ. ಸ್ಪ್ಯಾನರ್ ಇಲ್ಲದೆ ಕಣ್ಣಲ್ಲೇ ತಪಾಸಣೆ. ರೇಡಿಯೇಟರಿನ ಜಾಲರಿ ಮುಂದೆ ಲೈಟು ಬರದಂತೆಯೂ ನೋಡಿಕೊಂಡೆವು. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಗಾಳಿಯ ದಾರಿ ಮುಚ್ಚಿದರೆ ಎಂಜಿನ್ ಸಿಟ್ಟಾಗುತ್ತದೆ.

ಇನ್ನು ವಾಯರಿಂಗ್. ನಿಜವಾದ ಕೆಲಸ ಇದು. "ಲೈಟ್ ಹಚ್ಚೂದು ಅರ್ಧಾ ತಾಸು ರೀ. ವಾಯರ್ ಎಳ್ಯೂದ ದಿನಾ ತಿಂತೈತಿ" ಎಂದು ಎಲೆಕ್ಟ್ರಿಷಿಯನ್ ಮೊದಲೇ ಹೇಳಿದ್ದರು. ಹಾಗೇ ಆಯಿತು.

ಎರಡು ಡ್ರೈವಿಂಗ್ ಲೈಟು ಸೇರಿ 80 ವ್ಯಾಟ್. ಎಂಜಿನ್ ಚಾಲೂ ಇದ್ದಾಗಿನ 13.5 ವೋಲ್ಟಿಗೆ ಭಾಗಿಸಿದರೆ 6 ಆಂಪ್ಸ್ ಹತ್ತಿರ. ಇದಕ್ಕೆ 10 ಆಂಪ್ಸ್ ಫ್ಯೂಸು, 2.5 ಚದರ ಮಿ.ಮೀ. ವಾಯರು. 1 ಚದರ ಮಿ.ಮೀ. ವಾಯರು ಆರು ಆಂಪ್ಸ್ ತಾಳುವುದಿಲ್ಲವೇ ಎಂದು ಕೇಳಬಹುದು. ತಾಳುತ್ತದೆ. ಆದರೆ ಹೋಗಿ ಬರುವ ದಾರಿ ಒಟ್ಟು 10 ಮೀಟರ್ ಆದರೆ ಅದರಲ್ಲಿ ಒಂದು ವೋಲ್ಟ್ ಕಳೆದುಹೋಗುತ್ತದೆ. 2.5ರಲ್ಲಿ ಅರ್ಧ ವೋಲ್ಟಿಗೂ ಕಡಿಮೆ. ವಾಯರು ಕೊಳ್ಳುವಾಗ ಒಂದು ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯುಮಿನಿಯಂ. ಮುಟ್ಟಲೇಬೇಡಿ. ಒಳ್ಳೆಯ ವಾಯರು ಕತ್ತರಿಸಿದ ಕಡೆಯೂ ಕೆಂಪಗೇ ಇರುತ್ತದೆ.

ಫ್ಯೂಸು ಇರುವುದು ಲೈಟನ್ನು ಉಳಿಸಲಿಕ್ಕಲ್ಲ, ವಾಯರನ್ನು ಉಳಿಸಲಿಕ್ಕೆ. ಆದ್ದರಿಂದ ಅದು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ಲೈಟಿನ ಹತ್ತಿರ ಫ್ಯೂಸ್ ಹಾಕಿ, ಬ್ಯಾಟರಿಯಿಂದ ಅಲ್ಲಿಯವರೆಗೆ ವಾಯರನ್ನು ಬರಿದೇ ಬಿಟ್ಟ ಗಾಡಿಗಳನ್ನು ಎಷ್ಟೋ ನೋಡಿದ್ದೇನೆ. ನಡುವೆ ಎಲ್ಲಾದರೂ ವಾಯರು ಉಜ್ಜಿ ಚಾಸಿಗೆ ತಾಗಿದರೆ ಫ್ಯೂಸಿಗೆ ಗೊತ್ತೇ ಆಗುವುದಿಲ್ಲ. ಗಾಡಿಗೆ ಬೆಂಕಿ ಬೀಳುತ್ತದೆ.

ರಿಲೇಯ ಕಾಲುಗಳ ಮೇಲೆ ಸಂಖ್ಯೆ ಇರುತ್ತದೆ. 30ಕ್ಕೆ ಫ್ಯೂಸ್ ದಾಟಿ ಬಂದ ಬ್ಯಾಟರಿ ಪ್ಲಸ್. 87ರಿಂದ ಲೈಟಿಗೆ. 85 ಮತ್ತು 86 ಒಳಗಿನ ಸುರುಳಿಯದು, ಒಂದಕ್ಕೆ ಅರ್ಥ್, ಇನ್ನೊಂದಕ್ಕೆ ಸನ್ನೆ. ಆ ಸನ್ನೆಯನ್ನು ಎಲ್ಲಿಂದ ತೆಗೆಯುತ್ತೀರಿ ಎಂಬುದರಲ್ಲಿ ಇಡೀ ಕೆಲಸದ ಮರ್ಯಾದೆ ಇದೆ. ನಾವು ಅಪ್ಪರ್, ಅಂದರೆ ದೂರಕ್ಕೆ ಬೀಳುವ ಹೆಡ್‌ಲೈಟ್ ಬೆಳಕಿನ ವಾಯರಿನಿಂದ ತೆಗೆದು, ಡ್ಯಾಶ್‌ಬೋರ್ಡಿನ ಒಂದು ಸ್ವಿಚ್ ದಾಟಿಸಿ ರಿಲೇಗೆ ಕೊಟ್ಟೆವು. ಅಂದರೆ ಸ್ವಿಚ್ಚೂ ಹಾಕಿರಬೇಕು, ಅಪ್ಪರ್ ಕೂಡ ಇರಬೇಕು. ಆಗ ಮಾತ್ರ ಡ್ರೈವಿಂಗ್ ಲೈಟು ಉರಿಯುತ್ತದೆ. ಎದುರಿಗೆ ಗಾಡಿ ಬಂದು ಡಿಪ್ಪರ್ ಮಾಡಿದರೆ ಅದೂ ತಾನಾಗಿ ಆರುತ್ತದೆ. ಬೇರೆ ಸ್ವಿಚ್ಚಿಗೆ ಕೈ ಚಾಚುವ ಕೆಲಸವಿಲ್ಲ. ಬ್ಯಾಟರಿಯಿಂದ ಸೀದಾ ಸ್ವಿಚ್ಚಿಗೆ ಕೊಟ್ಟವರು ಡಿಪ್ಪರ್ ಮಾಡಿಯೂ ಲೈಟು ಆರಿಸಲು ಮರೆಯುತ್ತಾರೆ. ಎದುರಿನವನು ಸಿಟ್ಟಿನಿಂದ ತನ್ನದೂ ಬಿಡುತ್ತಾನೆ. ಇಬ್ಬರೂ ಕುರುಡರು.

ಒಂದು ಕೊಕ್ಕೆ ಇದರಲ್ಲೂ ಇದೆ. ಓವರ್‌ಟೇಕ್ ಮಾಡುವಾಗ ನಾವೆಲ್ಲ ಅಪ್ಪರ್ ಮಿಣುಕಿಸುತ್ತೇವಲ್ಲ, ಆಗ ಡ್ರೈವಿಂಗ್ ಲೈಟೂ ಮಿಣುಕುತ್ತದೆ. ಮುಂದಿನವನಿಗೆ ಅದು ಗುದ್ದಿದಂತೆ. ಮುಚ್ಚಳ ಮುಚ್ಚಿದ್ದರೂ ಟಾರ್ ರಸ್ತೆಗೆ ಬಂದ ಕೂಡಲೇ ಡ್ಯಾಶ್‌ಬೋರ್ಡಿನ ಸ್ವಿಚ್ ಆರಿಸುವುದು ಒಳ್ಳೆಯದು. ಉರಿಯುವ ಲೈಟಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಬಿಸಿಗೆ ಮೆತ್ತಗಾಗುತ್ತದೆ. ಮಂಜಿನ ಲೈಟಿಗೆ ಬೇರೆ ರಿಲೇ, ಬೇರೆ ಫ್ಯೂಸು. ಅದರ ಸನ್ನೆ ಪಾರ್ಕಿಂಗ್ ಲೈಟಿನಿಂದ.

ಸನ್ನೆ ತೆಗೆಯುವ ಮೊದಲು ಮೀಟರ್ ಹಿಡಿಯಿರಿ. ಕೆಲವು ಗಾಡಿಗಳಲ್ಲಿ ಹೆಡ್‌ಲೈಟಿಗೆ ಪ್ಲಸ್ ಯಾವಾಗಲೂ ಬಂದಿರುತ್ತದೆ, ಸ್ವಿಚ್ಚು ಅರ್ಥ್ ಕಡೆ ಇರುತ್ತದೆ. ಅಂಥಲ್ಲಿ ಮಾಮೂಲು ರೀತಿ ಜೋಡಿಸಿದರೆ ಕೆಲಸವೇ ಮಾಡುವುದಿಲ್ಲ. ಹೊಸ ಗಾಡಿಗಳ ಕಥೆ ಇನ್ನೂ ಬೇರೆ. ನನ್ನ ಗೆಳೆಯನ ಗಾಡಿಯ ಎಲ್‌ಇಡಿ ಹೆಡ್‌ಲೈಟಿಗೆ ಕರೆಂಟು ಸೆಕೆಂಡಿಗೆ ನೂರಾರು ಸಲ ಆನ್-ಆಫ್ ಆಗುತ್ತಾ ಬರುತ್ತದೆ. ಅದಕ್ಕೆ ರಿಲೇ ಹಚ್ಚಿದರೆ ಕಟಕಟ ಎಂದು ಹಲ್ಲು ಕಡಿಯುತ್ತದೆ. ಅಂಥ ಗಾಡಿಗೆ ಮೂಲ ವಾಯರನ್ನು ಕತ್ತರಿಸುವ ಮೊದಲು ವಾರಂಟಿ ಪುಸ್ತಕ ತೆಗೆದು ಓದುವುದು ಕ್ಷೇಮ. ಬ್ಯಾಟರಿಯ ಮೈನಸ್ ತುದಿಗೆ ಸೆನ್ಸರ್ ಇರುವ ಗಾಡಿಯಾದರೆ ಅರ್ಥನ್ನು ಆ ತುದಿಗೆ ಕಟ್ಟದೆ ಚಾಸಿಗೆ ಕೊಡಬೇಕು. ಇಲ್ಲದಿದ್ದರೆ ಎಷ್ಟು ಕರೆಂಟು ಹೋಯಿತೆಂಬ ಲೆಕ್ಕ ಗಾಡಿಗೆ ತಪ್ಪುತ್ತದೆ.

ಅರ್ಥ್ ಕೊಡುವ ಜಾಗದಲ್ಲಿ ಬಣ್ಣ ಕೆರೆದು ಹೊಳೆಯುವ ಲೋಹ ಕಾಣಿಸಬೇಕು. ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ಗ್ರೀಸ್ ಬಳಿದೆವು. ಮಿಣುಕುವ ಲೈಟು, ಮಂಕು ಲೈಟು, ಮಳೆಗಾಲದಲ್ಲಿ ಮಾತ್ರ ಸಾಯುವ ಲೈಟು, ಇವುಗಳ ಬೆನ್ನು ಹತ್ತಿ ಹೋದರೆ ಕೊನೆಗೆ ಸಿಗುವುದು ಬಹುತೇಕ ಕೆಟ್ಟ ಅರ್ಥೇ.

ಜೋಡಿಸುವ ರೀತಿಯ ಬಗ್ಗೆ ನಮ್ಮಿಬ್ಬರಿಗೆ ಸಣ್ಣ ಜಗಳವೂ ಆಯಿತು. ಅವರಿಗೆ ಬೆಸುಗೆ ಮೇಲೆ ಪ್ರೀತಿ. ನನಗೆ ಕ್ರಿಂಪ್, ಅಂದರೆ ಲೋಹದ ತುದಿಯನ್ನು ವಾಯರಿಗೆ ಅದುಮಿ ಹಿಡಿಸುವುದು, ಬೇಕಿತ್ತು. ಬೆಸುಗೆ ಹಾಕಿದ ಕಡೆ ವಾಯರಿನ ಎಳೆಗಳು ಗಟ್ಟಿ ಕಡ್ಡಿಯಾಗುತ್ತವೆ. ನಡುಗುವ ಗಾಡಿಯಲ್ಲಿ ಆ ಗಟ್ಟಿ ಭಾಗ ಮುಗಿಯುವ ಜಾಗದಲ್ಲೇ ಎಳೆ ತುಂಡಾಗುತ್ತದೆ. ಕೊನೆಗೆ ಒಳ್ಳೆಯ ಇಕ್ಕಳದಿಂದ ಕ್ರಿಂಪ್ ಮಾಡಿ, ಒಳಗೆ ಗೋಂದು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿದೆವು. ಟೇಪ್ ಮಾತ್ರ ಸುತ್ತುವುದಕ್ಕೆ ನಾನು ಬಿಲ್ಕುಲ್ ಒಪ್ಪಲಿಲ್ಲ. ನಮ್ಮ ಕಡೆಯ ಬೇಸಿಗೆಗೆ, ಬಾನೆಟ್ ಒಳಗಿನ ಕಾವಿಗೆ, ಟೇಪಿನ ಅಂಟು ಜೇನಿನಂತೆ ಸೋರುತ್ತದೆ. ವಾಯರಿಗೆಲ್ಲ ಸುಕ್ಕು ಕೊಳವೆ ತೊಡಿಸಿ, ಮೂಲ ವಾಯರಿಂಗ್ ಹೋದ ದಾರಿಯಲ್ಲೇ ಎಳೆದು, ಸಿಲೆನ್ಸರಿನ ಕಾವಿನಿಂದ ದೂರ ಕಟ್ಟಿದೆವು. ಒಳಗೆ ಬರುವ ತೂತಿಗೆ ರಬ್ಬರ್ ಬಳೆ. ರಿಲೇಗಳ ಕಾಲು ಕೆಳಮುಖ, ನೀರು ಬಿದ್ದರೆ ಜಾರಿಹೋಗಲಿ ಎಂದು. ಲೈಟಿನ ಹಿಂದೆ ರಬ್ಬರ್ ಸೀಲ್ ಇರುವ ಡಾಯ್ಚ್ ಮಾದರಿಯ ಕನೆಕ್ಟರ್. ಕೆಸರಿಗೂ ಕೂಡ ಅದು ಜಗ್ಗುವುದಿಲ್ಲ, ಲೈಟು ಬಿಚ್ಚಬೇಕಾದರೆ ಒಂದು ಚಿಟಿಕೆಯಲ್ಲಿ ಬರುತ್ತದೆ.

ಕೊನೆಯದು ಲೈಟಿನ ಮುಖ ಸರಿಮಾಡುವುದು. ನಮ್ಮ ಓಣಿಯ ಕೊನೆಗೆ ಒಂದು ಗೋದಾಮಿನ ಬಿಳಿ ಗೋಡೆ ಇದೆ, ಎದುರಿಗೆ ಸಮತಟ್ಟಾದ ಕಾಂಕ್ರೀಟು. ಗೋಡೆಯಿಂದ 7.5 ಮೀಟರ್ ದೂರಕ್ಕೆ ಗಾಡಿ ನಿಲ್ಲಿಸಿ, ಲೈಟುಗಳ ಎತ್ತರವನ್ನು ಗೋಡೆಯ ಮೇಲೆ ಟೇಪಿನಿಂದ ಗುರುತು ಮಾಡಿದೆ. ಇದನ್ನು ಖಾಲಿ ಗಾಡಿಯಲ್ಲಿ ಮಾಡಬಾರದು. ಕುತೂಹಲಕ್ಕೆ ಎರಡೂ ರೀತಿ ಅಳೆದೆ. ಖಾಲಿ ಇದ್ದಾಗ ಡಿಪ್ಪರಿನ ಮೇಲಂಚು ಗುರುತಿನಿಂದ ನಾಲ್ಕು ಬೆರಳು ಕೆಳಗಿತ್ತು. ಇರಬೇಕಾದದ್ದೂ ಅಷ್ಟೇ, ನೂರಕ್ಕೆ ಒಂದರ ಇಳಿಜಾರು. ಆಮೇಲೆ ನೀರು ತುಂಬಿ, ಸಾಮಾನು ಹೇರಿ, ಮನೆಯವರನ್ನು ಕೂರಿಸಿದೆ. ಹಿಂದಿನ ಪಟ್ಟಿ ಸ್ಪ್ರಿಂಗು ಕುಸಿದು ಮೂತಿ ಮೇಲಾಯಿತು. ಡಿಪ್ಪರಿನ ಅಂಚು ಸೀದಾ ಗುರುತಿನ ಮೇಲೆ ಬಂದು ಕೂತಿತು. ಗೋಡೆಯ ಮೇಲೆ ನಾಲ್ಕು ಬೆರಳು ಅಂದರೆ 100 ಮೀಟರ್ ದೂರದಲ್ಲಿ ಒಂದು ಮೀಟರ್. ನನ್ನ ಡಿಪ್ಪರ್ ಎದುರಿನ ಕಾರಿನವನ ಮುಖದ ಮೇಲೆ ಬೀಳುತ್ತದೆ ಎಂದಾಯಿತು. ಪ್ರವಾಸಕ್ಕೆಂದು ಕಟ್ಟಿದ ಗಾಡಿಗಳು ಯಾವಾಗಲೂ ಹೇರಿಕೊಂಡೇ ಓಡುತ್ತವೆ. ಅವುಗಳಲ್ಲಿ ಎಷ್ಟರ ಡಿಪ್ಪರು ಹೀಗೆ ಆಕಾಶ ನೋಡುತ್ತಿರಬಹುದು, ಅಲ್ವಾ? ಹೆಡ್‌ಲೈಟನ್ನು ಹೇರಿದ ಗಾಡಿಯಲ್ಲೇ ಇಳಿಸಿದೆ. ಡ್ರೈವಿಂಗ್ ಲೈಟಿನ ಹೊಳೆಯುವ ನಡುಭಾಗವನ್ನು ಗುರುತಿಗಿಂತ ಎರಡು ಬೆರಳು ಕೆಳಗೆ, ಮಂಜಿನ ಲೈಟಿನ ಅಂಚನ್ನು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಕೆಳಗೆ ಇಟ್ಟೆ.

ಮಳೆಗಾಲದಲ್ಲಿ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಕಡೆಗೆ ಹೋದೆವು. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಬರೀ ಮಳೆ ಇತ್ತು. ಘಟ್ಟ ಶುರುವಾದ ಮೇಲೆ ಮಂಜು. ಅಪ್ಪರ್ ಹಾಕಿದರೆ ಎದುರಿಗೆ ಹಾಲು ಚೆಲ್ಲಿದಂತೆ. ಡಿಪ್ಪರ್ ಜೊತೆ ಹಳದಿ ಲೈಟು ಹಾಕಿದಾಗ ರಸ್ತೆಯ ಬಿಳಿ ಅಂಚಿನ ಗೆರೆ ಎರಡೂ ಕಡೆ ಕಂಡಿತು. ದೂರ ಏನೂ ಹೆಚ್ಚಲಿಲ್ಲ. ಒಂದೆರಡು ಗಾಡಿಯುದ್ದ ಅಷ್ಟೇ. ಆದರೆ ತಿರುವಿನಲ್ಲಿ ಗೆರೆ ಕೈ ಬಿಡಲಿಲ್ಲ. ವೇಗ 20ರ ಆಸುಪಾಸು. ಮಂಜಿನ ಲೈಟು ಇದೆ ಎಂದು 50ರಲ್ಲಿ ಹೋಗುವವರನ್ನು ಕಂಡರೆ ನನಗೆ ಭಯ. ದಾರಿಯಲ್ಲಿ ಒಂದು ಕಾಡುಕೋಣ ರಸ್ತೆ ಬದಿಯಲ್ಲಿ ನಿಂತಿತ್ತು. ಅದರ ಕಾಲು ಮೊದಲು ಕಂಡಿತು, ಮೈ ಆಮೇಲೆ.

ಡ್ರೈವಿಂಗ್ ಲೈಟಿನ ಮುಚ್ಚಳ ತೆಗೆದದ್ದು ಕೊಲ್ಹಾರದ ಹತ್ತಿರ, ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಿ. ಸಂಬಂಧಿಕರ ಹೊಲ ಅಲ್ಲಿದೆ. ಪೇಟೆಯಲ್ಲಿ ಗಡಿಗೆ ಮೊಸರು ಕಟ್ಟಿಸಿಕೊಂಡು ಹೊರಡುವಷ್ಟರಲ್ಲಿ ಕತ್ತಲಾಗಿತ್ತು. ಹೊಲದ ದಾರಿ ಎರಡು ಚಕ್ಕಡಿ ಜಾಡು, ನಡುವೆ ಹುಲ್ಲು. ಇಲ್ಲಿ ಅಗಲವಾದ ಬೆಳಕಿನ ಬೆಲೆ ಗೊತ್ತಾಯಿತು. ಎಡಬಲದ ಬದು, ಕಾಲುವೆಯ ಅಂಚು, ಎರಿ ಮಣ್ಣಿನಲ್ಲಿ ಬಿಟ್ಟ ಬಿರುಕು, ಎಲ್ಲ ಹಗಲಿನಂತೆ. ದೂರಕ್ಕೆ ಚೂಪಾಗಿ ಹೋಗುವ ಲೈಟು ಇದ್ದಿದ್ದರೆ ಇಲ್ಲಿ ಏನೂ ಪ್ರಯೋಜನವಿರಲಿಲ್ಲ. ಮುಂದೆ ಒಂದು ಬೈಕು ಧೂಳೆಬ್ಬಿಸಿಕೊಂಡು ಹೊರಟಾಗ ಮಾತ್ರ ಬಿಳಿ ಲೈಟು ಆರಿಸಿ ಹಳದಿಗೆ ಬರಬೇಕಾಯಿತು. ಧೂಳಿಗೂ ಮಂಜಿಗೂ ಒಂದೇ ನ್ಯಾಯ.

ಗಾಡಿ ನಿಲ್ಲಿಸಿ ರೊಟ್ಟಿ ಬಿಸಿ ಮಾಡುವಾಗ ಪಕ್ಕದ ಲೈಟು ಹಚ್ಚಿದೆ. ಮೊದಲು ಬಿಳಿ. ಅರೆಕ್ಷಣದಲ್ಲಿ ಹಿನ್ನೀರಿನ ಹುಳವೆಲ್ಲ ಪಲ್ಯದ ಪಾತ್ರೆಗೆ ಬಂತು. ಅದಕ್ಕೆ ಕೇಸರಿ ಬಣ್ಣದ ಗಾಜು ಜೊತೆಗೆ ಬಂದಿತ್ತು. ಅದನ್ನು ಹಾಕಿದ ಮೇಲೆ ಹುಳ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. 10 ವ್ಯಾಟ್ ಅಂದರೆ 1 ಆಂಪಿಗೂ ಕಡಿಮೆ. ರಾತ್ರಿ ನಾಲ್ಕೈದು ತಾಸು ಉರಿಸಿದರೂ ಬ್ಯಾಟರಿಗೆ ಹೊರೆಯಲ್ಲ. ಆದರೂ ಬ್ಯಾಟರಿಗೆ ಒಂದು ಸಣ್ಣ ವೋಲ್ಟ್ ಮೀಟರ್ ಹಾಕಿಸಿದ್ದೇನೆ. ಎಂಜಿನ್ ಆರಿಸಿದ ಮೇಲೆ 12.2ಕ್ಕೆ ಇಳಿದರೆ ಬ್ಯಾಟರಿ ಅರ್ಧ ಖಾಲಿ ಎಂದರ್ಥ, ಆಗ ಲೈಟು ಆರಿಸಿ ಟಾರ್ಚ್ ಹಿಡಿಯುವುದು.

ಈಗ ಮತ್ತೆ ಕಬ್ಬಿನ ಹಂಗಾಮು. ಅದೇ ಯರಗಟ್ಟಿ ದಾರಿಯಲ್ಲಿ ವಾರಕ್ಕೊಮ್ಮೆ ಓಡಾಟ. ಎದುರಿಗೆ ಸಾಲುಗಟ್ಟಿ ಗಾಡಿ ಬರುವ ಆ ರಸ್ತೆಯಲ್ಲಿ ಡ್ರೈವಿಂಗ್ ಲೈಟು ಮುಚ್ಚಳದ ಒಳಗೇ ಇರುತ್ತದೆ, ಅಪ್ಪರ್ ಹಾಕಲು ಸಂದಿಯೂ ಸಿಗುವುದಿಲ್ಲ. ಅಲ್ಲಿ ಕೆಲಸಕ್ಕೆ ಬಂದದ್ದು ಎಲ್ಲಕ್ಕಿಂತ ಅಗ್ಗದ ಕೆಲಸ, ಮೊದಲ ದಿನ ಹಾಕಿದ ಆ ಎರಡು ರಿಲೇ ಮತ್ತು ಕೆಳಗಿಳಿಸಿದ ಡಿಪ್ಪರ್. ಟ್ರಾಲಿ ಮೊದಲಿಗಿಂತ ಬೇಗ ಕಾಣುತ್ತದೆ. ಆದರೂ ರಾತ್ರಿ ಆ ದಾರಿಯಲ್ಲಿ 60 ದಾಟುವುದಿಲ್ಲ. ಕೆಲವು ಟ್ರ್ಯಾಕ್ಟರಿನವರಿಗೆ ಧಾಬಾದಲ್ಲಿ ಸಿಕ್ಕಾಗ ಕೆಂಪು ರಿಫ್ಲೆಕ್ಟರ್ ಪಟ್ಟಿ ಕೊಡುತ್ತೇನೆ. ಟ್ರಾಲಿಗೆ ಅಂಟಿಸಿದರೆ ಕಬ್ಬು ಮುಚ್ಚುತ್ತದೆ, ಕಬ್ಬಿನ ಹೊರೆಗೆ ಕಟ್ಟುವ ಹಗ್ಗದ ತುದಿಗೆ ಜೋತುಬಿಡಿ ಎಂದು ಹೇಳುತ್ತೇನೆ. ಕೆಲವರು ಕಟ್ಟುತ್ತಾರೆ. ಒಬ್ಬ ಅದನ್ನು ಟ್ರ್ಯಾಕ್ಟರಿನ ಮುಂದೆ, ಸ್ಪೀಕರ್ ಸುತ್ತ ಅಂಟಿಸಿಕೊಂಡಿದ್ದ.